ಕಾರಣ ಕೇಳಿದ ಕಂಪನಿ: ಅಮೆರಿಕದ ಅಧ್ಯಕ್ಷರನ್ನ ಕೋರ್ಟಿಗೆ ಎಳೆದ ಗಾಳಿಯಂತ್ರದ ಕೇಸು

ಇವತ್ತು ಒಂದು ಪ್ರಶ್ನೆಯಿಂದ ಶುರು ಮಾಡೋಣ. ನೀವು ದುಡ್ಡು ಕೊಟ್ಟು, ಕಾಗದಪತ್ರ ಎಲ್ಲ ಸರಿಮಾಡಿಕೊಂಡು ಒಂದು ಆಸ್ತಿ ಕೊಂಡಿದ್ದೀರಿ ಅಂತಿಟ್ಟುಕೊಳ್ಳಿ. ಕೆಲಸವೂ ಶುರುವಾಗಿದೆ. ಅಷ್ಟರಲ್ಲಿ ಸರ್ಕಾರ ಬಂದು, ‘ಇದರಿಂದ ದೇಶದ ಭದ್ರತೆಗೆ ಅಪಾಯ ಇದೆ, ಮಾರಿ ಹೊರಡಿ’ ಅನ್ನುತ್ತೆ. ‘ಏನು ಅಪಾಯ ಸ್ವಾಮಿ?’ ಅಂತ ಕೇಳಿದರೆ, ‘ಅದನ್ನ ಹೇಳಕ್ಕಾಗಲ್ಲ’ ಅನ್ನುತ್ತೆ. ಆಗ ಏನು ಮಾಡ್ತೀರಿ?

2012ರಲ್ಲಿ ಅಮೆರಿಕದಲ್ಲಿ ರಾಲ್ಸ್ ಅನ್ನೋ ಕಂಪನಿಗೆ ಇದೇ ಆಯ್ತು. ಅದು ಸುಮ್ಮನೆ ಹೊರಡಲಿಲ್ಲ. ಅಧ್ಯಕ್ಷ ಬರಾಕ್ ಒಬಾಮ ಅವರನ್ನೇ ಪ್ರತಿವಾದಿ ಮಾಡಿ ಕೋರ್ಟಿಗೆ ಹೋಯ್ತು. ಆ ಕೇಸಿನ ಕಥೆ ಗೊತ್ತಾಗಬೇಕು ಅಂದ್ರೆ ಮೊದಲು ಒಂದು ಸಮಿತಿಯ ಬಗ್ಗೆ ತಿಳ್ಕೋಬೇಕು.

ಆ ಸಮಿತಿಯನ್ನ ಅಲ್ಲಿನ ವಕೀಲರು ಚಿಕ್ಕದಾಗಿ ‘ಸಿಫಿಯಸ್’ ಅಂತಾರೆ. ಅಮೆರಿಕದಲ್ಲಿ ಆಗುವ ವಿದೇಶಿ ಹೂಡಿಕೆಗಳನ್ನ ಪರಿಶೀಲಿಸೋದು ಇದರ ಕೆಲಸ. ಹಣಕಾಸು ಇಲಾಖೆಯ ಕಾರ್ಯದರ್ಶಿ, ಅಂದ್ರೆ ನಮ್ಮ ಲೆಕ್ಕದಲ್ಲಿ ಹಣಕಾಸು ಸಚಿವರು, ಇದರ ಮುಖ್ಯಸ್ಥರು. ರಕ್ಷಣೆ, ವಾಣಿಜ್ಯ, ವಿದೇಶಾಂಗದಂಥ ಇಲಾಖೆಗಳು ಸದಸ್ಯರು. 1975ರಲ್ಲಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಇದನ್ನ ಶುರು ಮಾಡಿದರು. ಆಗ ತೈಲ ಬೆಲೆ ಏರಿ ಅರಬ್ ದೇಶಗಳ ಕೈಯಲ್ಲಿ ಹಣ ತುಂಬಿತ್ತು. ಆ ಹಣ ಅಮೆರಿಕದ ಕಂಪನಿಗಳನ್ನ ಕೊಂಡುಬಿಟ್ಟರೆ ಏನು ಗತಿ ಅನ್ನೋ ಆತಂಕ ಇತ್ತು. ಆದರೆ ಸಮಿತಿಗೆ ಹಲ್ಲಿರಲಿಲ್ಲ. ನೋಡಬಹುದಿತ್ತು, ವರದಿ ಬರೀಬಹುದಿತ್ತು, ಅಷ್ಟೇ.

ಹಲ್ಲು ಬಂದಿದ್ದು ಜಪಾನಿನ ಕಾಲದಲ್ಲಿ. 1986ರಲ್ಲಿ ಜಪಾನಿನ ಫುಜಿತ್ಸು ಕಂಪನಿ ಅಮೆರಿಕದ ಚಿಪ್ ತಯಾರಕ ಫೇರ್‌ಚೈಲ್ಡ್ ಕಂಪನಿಯನ್ನ ಕೊಳ್ಳೋಕೆ ಹೊರಟಿತು. ವಾಷಿಂಗ್ಟನ್ನಿನಲ್ಲಿ ಗಲಾಟೆ ಎದ್ದಿತು. ತಮಾಷೆ ಏನು ಗೊತ್ತಾ? ಫೇರ್‌ಚೈಲ್ಡ್ ಆಗಲೇ ವಿದೇಶಿಯರ ಕೈಯಲ್ಲಿತ್ತು, ಫ್ರೆಂಚ್ ಮೂಲದ ಶ್ಲಂಬರ್ಜರ್ ಅದರ ಒಡೆಯ. ಹಾಗಾಗಿ ‘ವಿದೇಶಿ’ ಅನ್ನೋದಕ್ಕಿಂತ ‘ಯಾವ ವಿದೇಶಿ’ ಅನ್ನೋದೇ ಮುಖ್ಯವಾಗಿತ್ತು. 1987ರಲ್ಲಿ ಫುಜಿತ್ಸು ಹಿಂದೆ ಸರಿಯಿತು. ಮರುವರ್ಷ, 1988ರಲ್ಲಿ, ಎಕ್ಸಾನ್ ಮತ್ತು ಫ್ಲೋರಿಯೊ ಅನ್ನೋ ಇಬ್ಬರು ಜನಪ್ರತಿನಿಧಿಗಳ ಹೆಸರಿನ ತಿದ್ದುಪಡಿ ಬಂತು. ಭದ್ರತೆಗೆ ಅಪಾಯ ಅನ್ನಿಸಿದರೆ ಖರೀದಿಯನ್ನ ತಡೆಯುವ ಅಧಿಕಾರ ಅಧ್ಯಕ್ಷರಿಗೆ ಸಿಕ್ಕಿತು. ಜೊತೆಗೆ ಕಾನೂನಿನಲ್ಲಿ ಇನ್ನೊಂದು ಸಾಲು ಸೇರಿತು: ಅಧ್ಯಕ್ಷರ ಈ ನಿರ್ಧಾರವನ್ನ ಕೋರ್ಟು ಪರಿಶೀಲಿಸುವಂತಿಲ್ಲ. ಈ ಸಾಲನ್ನ ನೆನಪಿಟ್ಟುಕೊಳ್ಳಿ.

1990ರಲ್ಲಿ ಅಧ್ಯಕ್ಷ ಜಾರ್ಜ್ ಬುಷ್, ಅಂದ್ರೆ ಅಪ್ಪ ಬುಷ್, ಈ ಅಧಿಕಾರವನ್ನ ಮೊದಲ ಸಲ ಬಳಸಿದರು. ಸಿಯಾಟಲ್ ಬಳಿ ವಿಮಾನದ ಬಿಡಿಭಾಗ ತಯಾರಿಸುವ ಮ್ಯಾಮ್ಕೊ ಕಂಪನಿಯನ್ನ ಚೀನಾ ಸರ್ಕಾರದ ಸಂಸ್ಥೆಯೊಂದು ಕೊಂಡಿತ್ತು. ಅದನ್ನ ಮಾರಿಸಿದರು. ಆಮೇಲೆ 22 ವರ್ಷ ಇಂಥ ಒಂದೇ ಒಂದು ಆದೇಶವೂ ಇಲ್ಲ. ಹಾಗಂತ ಸಮಿತಿ ನಿದ್ದೆ ಮಾಡ್ತಿರಲಿಲ್ಲ. ತನ್ನ ಡೀಲ್ ಒಪ್ಪಿಗೆಯಾಗಲ್ಲ ಅಂತ ವಾಸನೆ ಹೊಡೆದ ತಕ್ಷಣ ಕಂಪನಿ ಅರ್ಜಿ ವಾಪಸ್ ತಗೊಂಡು ಹೋಗಿಬಿಡ್ತಿತ್ತು. ಹೆಸರು ಕೆಡೋದು ಯಾರಿಗೆ ಬೇಕು? ಎಲ್ಲವೂ ಮುಚ್ಚಿದ ಬಾಗಿಲ ಹಿಂದೆ ಮುಗೀತಿತ್ತು. ಹಾಗಾಗಿ ಕೋರ್ಟಿಗೆ ಹೋದವರೂ ಇಲ್ಲ, ತೀರ್ಪೂ ಇಲ್ಲ.

ಈಗ ರಾಲ್ಸ್ ಕಥೆಗೆ ಬರೋಣ. ಚಿತ್ರದುರ್ಗ, ಗದಗದ ಗುಡ್ಡಗಳ ಮೇಲೆ ಗಾಳಿಯಂತ್ರ ನೋಡಿರ್ತೀರಲ್ವಾ? ಅಂಥದ್ದೇ ಯಂತ್ರಗಳನ್ನ ಆರೆಗಾನ್ ರಾಜ್ಯದಲ್ಲಿ ನಿಲ್ಲಿಸೋಕೆ ಹೊರಟ ಕಂಪನಿ ಇದು. ಅಮೆರಿಕದಲ್ಲೇ ನೋಂದಣಿಯಾಗಿತ್ತು, ಆದರೆ ಒಡೆತನ ಚೀನಾದ ಇಬ್ಬರು ಪ್ರಜೆಗಳದ್ದು. ಇಬ್ಬರೂ ಚೀನಾದ ದೊಡ್ಡ ಯಂತ್ರ ತಯಾರಕ ಕಂಪನಿ ಸ್ಯಾನಿಯಲ್ಲಿ ಅಧಿಕಾರಿಗಳು. ನಿಲ್ಲಿಸಬೇಕಿದ್ದ ಯಂತ್ರಗಳೂ ಸ್ಯಾನಿಯವೇ. 2012ರ ಮಾರ್ಚ್‌ನಲ್ಲಿ ರಾಲ್ಸ್ ಅಲ್ಲಿನ ನಾಲ್ಕು ಯೋಜನೆಗಳನ್ನ ಕೊಂಡಿತು. ಸಮಿತಿಗೆ ಮೊದಲೇ ತಿಳಿಸಲಿಲ್ಲ. ಆಗ ತಿಳಿಸೋದು ಕಡ್ಡಾಯವೂ ಆಗಿರಲಿಲ್ಲ.

ತೊಂದರೆ ಇದ್ದಿದ್ದು ಜಾಗದಲ್ಲಿ. ಅಲ್ಲೇ ಹತ್ತಿರ ಅಮೆರಿಕದ ನೌಕಾಪಡೆಯ ವಿಮಾನಗಳು ತರಬೇತಿ ನಡೆಸುವ, ಬಾಂಬ್ ಹಾಕಿ ಅಭ್ಯಾಸ ಮಾಡುವ ನಿರ್ಬಂಧಿತ ವಾಯುಪ್ರದೇಶ ಇತ್ತು. ಒಂದು ಯೋಜನೆಯಂತೂ ಅದರ ಒಳಗೇ ಬರ್ತಿತ್ತು. ಜುಲೈನಲ್ಲಿ ಸಮಿತಿ ಕೆಲಸ ನಿಲ್ಲಿಸಿ ಅಂತ ಆದೇಶ ಕೊಟ್ಟಿತು. ಸೆಪ್ಟೆಂಬರ್‌ನಲ್ಲಿ ರಾಲ್ಸ್ ಕೋರ್ಟ್ ಮೆಟ್ಟಿಲೇರಿತು. ಸೆಪ್ಟೆಂಬರ್ 28ಕ್ಕೆ ಒಬಾಮ ಸಹಿ ಹಾಕಿದರು: 90 ದಿನದೊಳಗೆ ಎಲ್ಲ ಮಾರಿ, ಅಲ್ಲಿರೋ ಸಾಮಾನು ತೆಗೀರಿ. ಕಾರಣ? ‘ನಂಬಲರ್ಹ ಪುರಾವೆ ಇದೆ’ ಅನ್ನೋದಷ್ಟೇ. ಯಾವ ಪುರಾವೆ ಅಂತ ಕಂಪನಿಗೆ ತೋರಿಸಲೇ ಇಲ್ಲ.

ರಾಲ್ಸ್ ವಾದ ಸರಳವಾಗಿತ್ತು. ಅದೇ ಪ್ರದೇಶದಲ್ಲಿ ವಿದೇಶದಲ್ಲಿ ತಯಾರಾದ ಬೇರೆ ಗಾಳಿಯಂತ್ರಗಳೂ ತಿರುಗ್ತಿವೆ. ನಮ್ಮದರಲ್ಲೇ ಏನು ಅಪಾಯ ಕಂಡಿರಿ? ಹೇಳಿದರೆ ಉತ್ತರ ಕೊಡ್ತೀವಿ. ಏನೂ ಹೇಳದೆ ಆಸ್ತಿ ಕಿತ್ಕೊಳ್ಳೋದು ಸಂವಿಧಾನದ ಐದನೇ ತಿದ್ದುಪಡಿಗೆ ವಿರುದ್ಧ. ಯಾಕಂದ್ರೆ ನ್ಯಾಯಬದ್ಧ ಪ್ರಕ್ರಿಯೆ ಇಲ್ಲದೆ ಯಾರ ಆಸ್ತಿಯನ್ನೂ ಕಸಿಯುವಂತಿಲ್ಲ ಅಂತ ಅದು ಹೇಳುತ್ತೆ.

ಸರ್ಕಾರ ಆ 1988ರ ಸಾಲನ್ನ ಮುಂದಿಟ್ಟಿತು: ಕೋರ್ಟು ಇದನ್ನ ನೋಡುವಂತೆಯೇ ಇಲ್ಲ. ಕೆಳಗಿನ ಕೋರ್ಟಿನಲ್ಲಿ ರಾಲ್ಸ್ ಸೋತಿತು. ಮೊದಲೇ ಅನುಮತಿ ಕೇಳದೆ, ಅಪಾಯ ಗೊತ್ತಿದ್ದೂ ಕೊಂಡವರು ನೀವು, ಈಗ ದೂರಿದರೆ ಹೇಗೆ ಅಂತ ಆ ಕೋರ್ಟು ಕೇಳಿತು.

2014ರ ಜುಲೈ 15ರಂದು ವಾಷಿಂಗ್ಟನ್ನಿನ ಮೇಲ್ಮನವಿ ಕೋರ್ಟು ಈ ತೀರ್ಪನ್ನ ತಿರುಗಿಸಿತು. ತುಂಬ ನಾಜೂಕಾದ ಗೆರೆಯೊಂದನ್ನ ಎಳೆಯಿತು. ಅಪಾಯ ಇದೆಯೋ ಇಲ್ಲವೋ ಅನ್ನೋ ಅಧ್ಯಕ್ಷರ ನಿರ್ಧಾರವನ್ನ ನಾವು ಮುಟ್ಟಲ್ಲ. ಆದರೆ ಆ ನಿರ್ಧಾರಕ್ಕೆ ಬಂದ ದಾರಿ ನ್ಯಾಯವಾಗಿತ್ತಾ ಅಂತ ಖಂಡಿತ ಕೇಳ್ತೀವಿ. ಆರೆಗಾನ್ ಕಾನೂನಿನ ಪ್ರಕಾರ ಕೊಂಡ ಆಸ್ತಿ, ಆಸ್ತಿಯೇ. ಹಾಗಾಗಿ ಕಂಪನಿಗೆ ಮೂರು ಸಿಗಲೇಬೇಕು: ಏನು ಕ್ರಮ ಅನ್ನೋ ತಿಳಿವಳಿಕೆ, ಅದಕ್ಕೆ ಆಧಾರವಾದ ಪುರಾವೆಯಲ್ಲಿ ರಹಸ್ಯವಲ್ಲದ ಭಾಗ, ಮತ್ತು ಅದಕ್ಕೆ ಉತ್ತರ ಕೊಡುವ ಅವಕಾಶ. ರಹಸ್ಯ ದಾಖಲೆ ತೋರಿಸಬೇಕಿಲ್ಲ. ಆದರೆ ‘ಭದ್ರತೆ’ ಅಂದ ಮಾತ್ರಕ್ಕೆ ಎಲ್ಲ ಕಾಗದವೂ ರಹಸ್ಯ ಆಗಲ್ಲ.

ಹಾಗಾದ್ರೆ ರಾಲ್ಸ್ ಗೆದ್ದಿತಾ? ಕಾನೂನಿನಲ್ಲಿ ಹೌದು. ಆದರೆ ಆ ಗುಡ್ಡದಲ್ಲಿ ಅದರ ಗಾಳಿಯಂತ್ರ ತಿರುಗಲೇ ಇಲ್ಲ. 2015ರಲ್ಲಿ ಎರಡೂ ಕಡೆಯವರು ರಾಜಿಯಾದರು, ಕೇಸು ಮುಗೀತು.

ಆ ಗೆಲುವು ನಿಜವಾಗಿ ಬದಲಿಸಿದ್ದು ವಕೀಲರ ಕೆಲಸವನ್ನ. ಒಂದು ಕಡೆ, ವಿದೇಶಿ ಕಂಪನಿಯ ವಕೀಲರು ಸಮಿತಿಯ ಮುಂದೆ ‘ನಿಮ್ಮ ಆಕ್ಷೇಪ ಏನು, ರಹಸ್ಯವಲ್ಲದ್ದನ್ನ ಕೊಡಿ’ ಅಂತ ಹಕ್ಕಿನಿಂದ ಕೇಳುವಂತಾಯ್ತು. ಇನ್ನೊಂದು ಕಡೆ, ಮೊದಲು ಕೊಂಡು ಆಮೇಲೆ ನೋಡೋಣ ಅನ್ನೋದು ಎಷ್ಟು ದುಬಾರಿ ಅಂತಲೂ ಗೊತ್ತಾಯ್ತು. ಒಪ್ಪಂದಕ್ಕೆ ಮುಂಚೆಯೇ ಹಣ ಯಾರದ್ದು, ಅಕ್ಕಪಕ್ಕ ಸೇನಾ ನೆಲೆ ಇದೆಯಾ, ಜನರ ಮಾಹಿತಿ ಯಾರ ಕೈಗೆ ಹೋಗುತ್ತೆ ಅಂತ ಕೆದಕೋದು ವಕೀಲರ ದಿನನಿತ್ಯದ ಕೆಲಸವಾಯ್ತು. 2018ರ ಹೊಸ ಕಾನೂನು ಕೆಲವು ಬಗೆಯ ಡೀಲ್‌ಗಳಿಗೆ ಮುಂಗಡ ಮಾಹಿತಿಯನ್ನ ಕಡ್ಡಾಯ ಮಾಡಿತು. ಸೇನಾ ನೆಲೆಗಳ ಹತ್ತಿರದ ಜಮೀನು ಖರೀದಿಯನ್ನೂ ಸಮಿತಿಯ ಕೈಗೆ ಕೊಟ್ಟಿತು.

ಈ ದಾರಿಯಲ್ಲಿ ಆಮೇಲೆ ಬಂದವರು ಸಣ್ಣವರಲ್ಲ. ಟಿಕ್‌ಟಾಕ್‌ನ ಒಡೆಯ ಬೈಟ್‌ಡ್ಯಾನ್ಸ್ 2017ರಲ್ಲಿ ಮ್ಯೂಸಿಕಲಿ ಆ್ಯಪ್ ಕೊಂಡಾಗ ಸಮಿತಿಗೆ ತಿಳಿಸಿರಲಿಲ್ಲ. 2020ರಲ್ಲಿ ಟ್ರಂಪ್ ಅದನ್ನ ಮಾರಿ ಅಂದಾಗ ಕಂಪನಿ ಕೋರ್ಟಿಗೆ ಹೋಯ್ತು. 2025ರ ಜನವರಿಯಲ್ಲಿ ಬೈಡನ್ ಯುಎಸ್ ಸ್ಟೀಲ್ ಖರೀದಿಯನ್ನ ತಡೆದಾಗ ಜಪಾನಿನ ನಿಪ್ಪಾನ್ ಸ್ಟೀಲ್ ಕೂಡ ಹೋಯ್ತು. ಇಬ್ಬರ ದೂರೂ ರಾಲ್ಸ್ ಹಾಕಿದ ಹಾದಿಯದ್ದೇ: ನಮ್ಮ ಮಾತು ನ್ಯಾಯವಾಗಿ ಕೇಳಲಿಲ್ಲ.

ಈ ಪ್ರಶ್ನೆ ನಮಗೂ ಹೊಸದಲ್ಲ. ಮಲಯಾಳಂನ ಮೀಡಿಯಾ ಒನ್ ವಾಹಿನಿ ಕೇಸಿನಲ್ಲಿ, 2023ರಲ್ಲಿ, ಸುಪ್ರೀಂ ಕೋರ್ಟು ಮುಚ್ಚಿದ ಲಕೋಟೆಯ ಪದ್ಧತಿಯನ್ನ ಟೀಕಿಸಿ ವಾಹಿನಿಯ ಪರ ತೀರ್ಪು ಕೊಟ್ಟಿತು. 2025ರಲ್ಲಿ ನಮ್ಮ ವಿಮಾನ ನಿಲ್ದಾಣಗಳಲ್ಲಿ ಕೆಲಸ ಮಾಡ್ತಿದ್ದ ಟರ್ಕಿ ಮೂಲದ ಸೆಲೆಬಿ ಕಂಪನಿಯ ಭದ್ರತಾ ಅನುಮತಿ ರದ್ದಾದಾಗ, ದೆಹಲಿ ಹೈಕೋರ್ಟು ಲಕೋಟೆಯೊಳಗಿನ ದಾಖಲೆ ನೋಡಿ ಸರ್ಕಾರದ ಪರ ನಿಂತಿತು. ಎರಡು ವರ್ಷದ ಅಂತರದಲ್ಲಿ ಎರಡು ಬಗೆಯ ಉತ್ತರ.

ದೇಶಕ್ಕೆ ನಿಜವಾದ ಅಪಾಯಗಳಿವೆ, ಎಲ್ಲವನ್ನೂ ಬೀದಿಯಲ್ಲಿ ಹೇಳಕ್ಕಾಗಲ್ಲ, ಒಪ್ಪೋಣ. ಆದರೆ ಹೇಳಬಹುದಾದಷ್ಟನ್ನೂ ಹೇಳದೇ ಇದ್ದರೆ, ಅಪಾಯ ನಿಜವೋ ನೆಪವೋ ಅಂತ ಯಾರಿಗೂ ಗೊತ್ತಾಗಲ್ಲ, ಕೆಲವೊಮ್ಮೆ ಸರ್ಕಾರಕ್ಕೇ ಗೊತ್ತಾಗಲ್ಲ. ರಾಲ್ಸ್ ಕೇಳಿದ್ದು ಇಷ್ಟನ್ನೇ. ಕೊನೆಗೆ ಸಿಕ್ಕಿದ್ದೂ ಇಷ್ಟೇ, ಆದರೆ ಅದು ಅದರ ನಂತರ ಬಂದವರೆಲ್ಲರಿಗೂ ಸಿಕ್ಕಿತು.