ಮೆದುಳಿನ ಮೇಲೆ ಕಾರ್ಯನಿರ್ವಹಿಸುವ ರಕ್ತದೊತ್ತಡದ ಔಷಧಿಗಳು ಮತ್ತು ಬಾಯಾರಿಕೆ: ಸಾರ್ವಜನಿಕರಿಗೆ ಮಾಹಿತಿ

ರಕ್ತದೊತ್ತಡದ ಮಾತ್ರೆ ಸೇವಿಸುವವರ ಪೈಕಿ ಕೆಲವರು ಬಾಯಿ ಒಣಗುತ್ತದೆಂಬ ಕಾರಣಕ್ಕೆ ವೈದ್ಯರಿಗೆ ತಿಳಿಸದೆ ಮಾತ್ರೆಯನ್ನು ನಿಲ್ಲಿಸುವುದುಂಟು. ಕ್ಲೋನಿಡಿನ್ ಸೇವಿಸುವವರಿಗೆ ಇದು ಅಪಾಯಕಾರಿಯಾದುದರಿಂದ, ಸಾರ್ವಜನಿಕರ ಅನುಕೂಲಕ್ಕಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ಈ ಔಷಧಿಗಳು ಯಾವುವು?

ಕ್ಲೋನಿಡಿನ್, ಮೀಥೈಲ್‌ಡೋಪಾ ಹಾಗೂ ಮಾಕ್ಸೊನಿಡಿನ್ ಈ ವರ್ಗಕ್ಕೆ ಸೇರಿರುತ್ತವೆ. ಇವು ಮೆದುಳಿನಿಂದ ಹೃದಯಕ್ಕೂ ರಕ್ತನಾಳಗಳಿಗೂ ಹೋಗುವ ನರಸಂಕೇತಗಳನ್ನು ತಗ್ಗಿಸುವ ಮೂಲಕ ರಕ್ತದೊತ್ತಡವನ್ನು ಇಳಿಸುತ್ತವೆ. 1960ರ ದಶಕದಲ್ಲಿ ಕ್ಲೋನಿಡಿನ್ ಅನ್ನು ಮೂಗುಕಟ್ಟುವಿಕೆಯ ಔಷಧಿಯಾಗಿ ಪರೀಕ್ಷಿಸುತ್ತಿದ್ದಾಗ ಈ ಗುಣವು ಆಕಸ್ಮಿಕವಾಗಿ ತಿಳಿದುಬಂದಿತು.

2. ಬಾಯಿ ಒಣಗುವುದೆಲ್ಲವೂ ಬಾಯಾರಿಕೆಯೇ?

ಅಲ್ಲ. ಬಾಯಾರಿಕೆ ಎಂಬ ಪದದಲ್ಲಿಯೇ ಬಾಯಿ ಆರುವುದೆಂಬ ಅರ್ಥವಿರುವುದರಿಂದ ಎರಡನ್ನೂ ಒಂದೆಂದು ಭಾವಿಸುವುದು ಸಹಜ. ಆದರೆ ನಿಜವಾದ ಬಾಯಾರಿಕೆಯು, ದೇಹದಲ್ಲಿ ನೀರು ಕಡಿಮೆಯಾದಾಗ ಅಥವಾ ರಕ್ತದಲ್ಲಿ ಉಪ್ಪಿನ ಸಾಂದ್ರತೆ ಹೆಚ್ಚಿದಾಗ ಮೆದುಳು ನೀಡುವ ಸೂಚನೆಯಾಗಿದೆ. ಕ್ಲೋನಿಡಿನ್‌ನಿಂದ ಬಾಯಿ ಒಣಗುವುದು ಜೊಲ್ಲು ಕಡಿಮೆಯಾಗುವುದರಿಂದ. ಸೇವಿಸುವ 100 ಜನರಲ್ಲಿ ಸುಮಾರು 40 ಜನರಿಗೆ ಹೀಗಾಗುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಕ್ಲೋನಿಡಿನ್ ನೀರು ಕುಡಿಯುವುದನ್ನು ಕಡಿಮೆ ಮಾಡಿರುವುದು ಕಂಡುಬಂದಿದೆ. ಆದ್ದರಿಂದ ಬಾಯಿಯ ಸ್ಥಿತಿಯೊಂದರಿಂದಲೇ ದೇಹದ ನೀರಿನ ಅಗತ್ಯವನ್ನು ನಿರ್ಧರಿಸಬಾರದು. ವಯಸ್ಸಾದವರಲ್ಲಿ ಬಾಯಾರಿಕೆಯ ಅರಿವು ಸಹಜವಾಗಿಯೇ ಕುಗ್ಗಿರುವುದರಿಂದ ಮನೆಯವರು ವಿಶೇಷ ಗಮನ ಹರಿಸತಕ್ಕದ್ದು.

3. ಪಾಲಿಸಬೇಕಾದ ಕ್ರಮಗಳು

ಅ) ಬಾಯಿ ಒಣಗಿದಾಗ ಗುಟುಕು ಗುಟುಕಾಗಿ ನೀರು ಕುಡಿಯುವುದು ಅಥವಾ ಬಾಯಿ ಮುಕ್ಕಳಿಸುವುದು.

ಆ) ಜೊಲ್ಲು ಕಡಿಮೆಯಾದಲ್ಲಿ ಹಲ್ಲುಗಳು ಬೇಗನೆ ಹುಳುಕಾಗುವುದರಿಂದ, ಸಿಹಿ ಪದಾರ್ಥಗಳನ್ನು ಬಾಯಿಯಲ್ಲಿಟ್ಟು ಚೀಪದಿರುವುದು.

ಇ) ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯುಳ್ಳವರು ವೈದ್ಯರು ಸೂಚಿಸಿದ ಪ್ರಮಾಣವನ್ನು ಮೀರಿ ನೀರು ಕುಡಿಯದಿರುವುದು.

ಈ) ಅತಿಯಾದ ಬಾಯಾರಿಕೆಯೊಂದಿಗೆ ಪದೇ ಪದೇ ಮೂತ್ರ ವಿಸರ್ಜನೆಯಾಗುತ್ತಿದ್ದಲ್ಲಿ, ಮಾತ್ರೆಯೇ ಕಾರಣವೆಂದು ಭಾವಿಸದೆ ರಕ್ತದ ಸಕ್ಕರೆಯ ಪ್ರಮಾಣವನ್ನು ಪರೀಕ್ಷಿಸಿಕೊಳ್ಳುವುದು.

4. ಮುಖ್ಯ ಎಚ್ಚರಿಕೆ

ಕ್ಲೋನಿಡಿನ್ ಅನ್ನು ಹಠಾತ್ತನೆ ನಿಲ್ಲಿಸಿದಲ್ಲಿ ಒಂದೆರಡು ದಿನಗಳೊಳಗೆ ರಕ್ತದೊತ್ತಡವು ತೀವ್ರವಾಗಿ ಏರಿ, ತಲೆನೋವು, ನಡುಕ ಹಾಗೂ ಎದೆಬಡಿತದ ಹೆಚ್ಚಳ ಕಾಣಿಸಿಕೊಳ್ಳಬಹುದು; ಅಪರೂಪವಾಗಿ ಪ್ರಾಣಾಪಾಯವೂ ಸಂಭವಿಸಬಹುದು. ಔಷಧಿಯನ್ನು ಬದಲಿಸುವುದಾಗಲಿ, ಹಂತಹಂತವಾಗಿ ಕಡಿಮೆ ಮಾಡುವುದಾಗಲಿ ವೈದ್ಯರ ಸಲಹೆಯಂತೆಯೇ ನಡೆಯತಕ್ಕದ್ದು. ಊರಿಗೆ ತೆರಳುವಾಗ ಸಾಕಷ್ಟು ಮಾತ್ರೆಗಳನ್ನು ಜೊತೆಗೆ ಕೊಂಡೊಯ್ಯುವುದು ಸೂಕ್ತ.

ಬಾಯಿ ಒಣಗುವ ತೊಂದರೆಯುಳ್ಳವರು ತಾವು ಸೇವಿಸುತ್ತಿರುವ ಎಲ್ಲ ಮಾತ್ರೆಗಳು ಹಾಗೂ ವೈದ್ಯರ ಚೀಟಿಯೊಂದಿಗೆ ಹತ್ತಿರದ ಸರ್ಕಾರಿ ಆಸ್ಪತ್ರೆಯ ವೈದ್ಯಾಧಿಕಾರಿಗಳನ್ನು ಸಂಪರ್ಕಿಸಲು ಕೋರಲಾಗಿದೆ.