ಯಜಮಾನರೇ ಅತಿಥಿಗಳಾಗಿದ್ದ ಮನೆ

ತಮಿಳುನಾಡಿನ ಕಾರೈಕುಡಿಯ ಸುತ್ತಣ ಊರುಗಳಿಗೆ ಚೆಟ್ಟಿನಾಡು ಎಂಬ ಹೆಸರುಂಟು. ಅಲ್ಲಿ ನಾಟ್ಟುಕ್ಕೋಟ್ಟೈ ಚೆಟ್ಟಿಯಾರರು ಕಟ್ಟಿಸಿದ ದೊಡ್ಡ ಮನೆಗಳಲ್ಲಿ ಕೆಲವು ಈಚಿನ ವರ್ಷಗಳಲ್ಲಿ ಜೀರ್ಣೋದ್ಧಾರಗೊಂಡು, ಕೆಲವೇ ಕೋಣೆಗಳ ಹೋಟೆಲುಗಳಾಗಿವೆ. ಅಂಥದೊಂದು ಮನೆಯಲ್ಲಿ ಎರಡು ರಾತ್ರಿ ತಂಗುವ ಅವಕಾಶ ನನಗೆ ಒದಗಿತ್ತು.

ಬೀದಿಗೆ ಜಗುಲಿ, ಅದರಾಚೆ ಪಡಸಾಲೆ, ಆಮೇಲೆ ಒಂದರ ಹಿಂದೊಂದು ತೊಟ್ಟಿಗಳು. ಮುಂಬಾಗಿಲು ಒಂದು ಬೀದಿಗೆ ತೆರೆದರೆ ಹಿಂಬಾಗಿಲು ಇನ್ನೊಂದಕ್ಕೆ. ಕಂಬಗಳು ಬರ್ಮಾ ತೇಗದವು. ನೆಲಕ್ಕೆ ಹಾಸಿದ ಬಣ್ಣದ ಬಿಲ್ಲೆಗಳು ನೆರೆಯ ಆತ್ತಂಗುಡಿಯಲ್ಲಿ ಗಾಜಿನ ಮೇಲೆ ಎರಕ ಹೊಯ್ದು ಮಾಡಿದವು. ಸುಣ್ಣದ ಗಾರೆಗೆ ಮೊಟ್ಟೆಯ ಬಿಳಿಯನ್ನು ಬೆರೆಸಿ ತಿಕ್ಕಿದ ಗೋಡೆಗಳು ಇಂದಿಗೂ ನುಣುಪಾಗಿವೆ.

ತೊಟ್ಟಿಯ ಸುತ್ತಣ ಕೋಣೆಗಳಲ್ಲೊಂದು ನನ್ನ ಪಾಲಿಗೆ ಬಂದಿತ್ತು. ಮದುವೆಯಾದ ಪ್ರತಿಯೊಬ್ಬ ಮಗನಿಗೂ ಒಂದು ಕೋಣೆ, ಬೇರೆ ಒಲೆ, ಬೇರೆ ಲೆಕ್ಕ. ಸೂರು ಮಾತ್ರ ಒಂದೇ. ಇದು ಆ ಸಮುದಾಯದ ಪದ್ಧತಿ. ಗಂಡಸರು ವರ್ಷಗಟ್ಟಲೆ ಬರ್ಮಾ, ಸಿಂಹಳ, ಮಲಯಗಳಲ್ಲಿ ವ್ಯವಹಾರದಲ್ಲಿದ್ದು, ನಡುವೆ ಊರಿಗೆ ಬಂದು ಹೋಗುತ್ತಿದ್ದರು. ಹಾಗೆ ನೋಡಿದರೆ ಈ ಮನೆಗಳಲ್ಲಿ ಯಜಮಾನರೇ ಅತಿಥಿಗಳು. ಮನೆಯನ್ನು ನಡೆಸಿದವರು ಊರಿನಲ್ಲಿ ಉಳಿದ ಹೆಂಗಸರು.

ಈ ವೈಭವದ ಮೂಲ ಲೇವಾದೇವಿ. ಬರ್ಮಾದ ರೈತರಿಗೆ ಗದ್ದೆಯ ಆಧಾರದ ಮೇಲೆ ಇವರು ಸಾಲ ಕೊಡುತ್ತಿದ್ದರು. 1930ರ ಹೊತ್ತಿಗೆ ಜಗತ್ತನ್ನು ಕವಿದ ಆರ್ಥಿಕ ಮುಗ್ಗಟ್ಟಿನಲ್ಲಿ ಅಕ್ಕಿಯ ಬೆಲೆ ಕುಸಿಯಿತು, ಸಾಲ ತೀರಲಿಲ್ಲ, ಗದ್ದೆಗಳು ಕೈಬದಲಾದವು. ಕೆಳಬರ್ಮಾದ ಮುಖ್ಯ ಭತ್ತದ ಜಿಲ್ಲೆಗಳಲ್ಲಿ ಚೆಟ್ಟಿಯಾರರ ಭೂಮಿ 1930ರಲ್ಲಿ ಶೇಕಡಾ 6ರಷ್ಟಿದ್ದುದು 1937ರ ವೇಳೆಗೆ ಶೇಕಡಾ 25ಕ್ಕೇರಿತು. ನೆಲದ ಒಡೆಯನಾಗಿದ್ದವನು ಅದೇ ನೆಲದಲ್ಲಿ ಗೇಣಿದಾರನಾದನು. 1942ರಲ್ಲಿ ಜಪಾನೀ ಸೈನ್ಯ ಬರ್ಮಾವನ್ನು ಆಕ್ರಮಿಸಿತು. 1948ರಲ್ಲಿ ಸ್ವತಂತ್ರವಾದ ಆ ದೇಶ ಭೂಮಿಯ ರಾಷ್ಟ್ರೀಕರಣಕ್ಕೆ ಕಾಯಿದೆ ಮಾಡಿತು. ಇತ್ತ ಚೆಟ್ಟಿನಾಡಿಗೆ ಹಣದ ಹರಿವು ನಿಂತಿತು. ಹಲವು ವಾರಸುದಾರರ ಪಾಲಿನ ಮನೆಗಳನ್ನು ಉಳಿಸಿಕೊಳ್ಳುವುದು ಕಷ್ಟವಾಯಿತು. ಎಷ್ಟೋ ಮನೆಗಳ ಕಂಬ ಬಾಗಿಲುಗಳು ಕಾರೈಕುಡಿಯ ಹಳೆಯ ಸಾಮಾನಿನ ಅಂಗಡಿಗಳನ್ನು ಸೇರಿದವು.

ಆದಕಾರಣ, ಪೂರ್ವಿಕರ ಮನೆ ಹೋಟೆಲಾಯಿತೆಂದು ಮೂಗು ಮುರಿಯುವವರ ಜೊತೆ ನಾನು ಸೇರಲಾರೆ. ಬಿಡಿಬಿಡಿಯಾಗಿ ಮಾರಿಹೋಗುವುದಕ್ಕಿಂತ ಬಾಡಿಗೆಯ ಹಣದಿಂದ ಸೂರು ನಿಲ್ಲುವುದು ಮೇಲು. ಹಳೆಯ ಗಾರೆ ಕೆಲಸಕ್ಕೂ ಆತ್ತಂಗುಡಿಯ ಬಿಲ್ಲೆಗೂ ಅದರಿಂದ ಬೇಡಿಕೆ ಉಳಿಯುತ್ತದೆ.

ಆದರೂ ಒಂದು ಕೊರತೆ ನನ್ನನ್ನು ಕಾಡಿತು. ಕೋಣೆಯಲ್ಲಿಟ್ಟಿದ್ದ ಪರಿಚಯದ ಹಾಳೆಯಲ್ಲಿ ತೇಗವು ಬರ್ಮಾದಿಂದ ಹಡಗಿನಲ್ಲಿ ಬಂದ ಸಂಗತಿಯಿತ್ತು. ಗದ್ದೆ ಕಳೆದುಕೊಂಡ ರೈತನ ವಿಷಯ ಒಂದು ಸಾಲೂ ಇರಲಿಲ್ಲ. ಕಂಬದ ಮೇಲಿನ ಧೂಳನ್ನು ಒರೆಸಿದಷ್ಟಕ್ಕೆ ಜೀರ್ಣೋದ್ಧಾರ ಮುಗಿಯದು. ಮನೆಯ ಜೊತೆಗೆ ಅದರ ಲೆಕ್ಕದ ಪುಸ್ತಕವನ್ನೂ ತೆರೆದಿಟ್ಟಾಗ ಮಾತ್ರ ಆ ಸೂರಿನಡಿ ಮಲಗಿದವನಿಗೆ ಚರಿತ್ರೆ ಪೂರ್ತಿಯಾಗಿ ತಿಳಿದೀತು.