ಜಾನ್ ಶೆಲ್ಬಿಯ ಸಾವು ಮತ್ತು ಬರ್ಮಿಂಗ್‌ಹ್ಯಾಮಿನ ಪುಂಡರ ಚರಿತ್ರೆ

ಸ್ಟೀವನ್ ನೈಟ್ ರಚಿಸಿದ, 2013ರಿಂದ 2022ರವರೆಗೆ ಬಿಬಿಸಿಯಲ್ಲಿ ಪ್ರಸಾರವಾದ ‘ಪೀಕಿ ಬ್ಲೈಂಡರ್ಸ್’ ಧಾರಾವಾಹಿಯಲ್ಲಿ ಶೆಲ್ಬಿ ಸಹೋದರರ ಪೈಕಿ ಮೂರನೆಯವನಾದ ಜಾನ್, ಅಣ್ಣ ಟಾಮಿಯ ಏಳಿಗೆಗೆ ತನ್ನ ತಲೆಯನ್ನೇ ತೆತ್ತವನು. ಕತೆಯ ಪ್ರಕಾರ 1925ರ ಕ್ರಿಸ್‌ಮಸ್ ದಿನ, ನ್ಯೂಯಾರ್ಕಿನ ಚಾಂಗ್ರೆಟ್ಟಾ ಬಣದ ಬಂಟರು ಹುಲ್ಲಿನ ಬಂಡಿಯಲ್ಲಿ ಅಡಗಿ ಬಂದು, ಅವನನ್ನು ಮನೆಯ ಮುಂದೆಯೇ ಗುಂಡಿಟ್ಟು ಕೊಲ್ಲುತ್ತಾರೆ. ಆ ಬಣದ ಸೇಡಿನ ಮುನ್ಸೂಚನೆಯಾಗಿ ಶೆಲ್ಬಿಗಳಿಗೆ ಬರುವ ‘ಕಪ್ಪು ಹಸ್ತ’ದ ಗುರುತು ಚರಿತ್ರೆಯಲ್ಲಿ ಬೇರೆಯೇ ಕೆಲಸಕ್ಕೆ ಬಳಕೆಯಾಗುತ್ತಿತ್ತು, 20ನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಇಟಾಲಿಯನ್ ವಲಸಿಗರ ಕೇರಿಗಳಲ್ಲಿ ಅಂಗಡಿಕಾರರನ್ನು ಹೆದರಿಸಿ ಹಣ ಕೀಳುವ ಪತ್ರಗಳ ಮೇಲೆ ಅದನ್ನು ಬರೆಯುತ್ತಿದ್ದರು.

ಜಾನ್‌ನ ಶವಸಂಸ್ಕಾರದಲ್ಲಿ ಅವನ ದೇಹವನ್ನು ‘ವಾರ್ಡೊ’, ಅಂದರೆ ರೋಮಾನಿ ಅಲೆಮಾರಿಗಳ ಕುದುರೆ ಎಳೆಯುವ ಮನೆಬಂಡಿಯೊಳಗಿಟ್ಟು ಸುಡಲಾಗುತ್ತದೆ. ಸತ್ತವರ ಬಂಡಿಯನ್ನೂ ಬಳಕೆಯ ವಸ್ತುಗಳನ್ನೂ ಸುಡುವ ಪದ್ಧತಿ ಬ್ರಿಟನ್ನಿನ ರೋಮಾನಿಗಳಲ್ಲಿ ನಿಜಕ್ಕೂ ಇತ್ತಾದರೂ, ದೇಹವನ್ನು ಅವರು ಸಾಮಾನ್ಯವಾಗಿ ಮಣ್ಣು ಮಾಡುತ್ತಿದ್ದರು.

ನಿಜವಾದ ಪೀಕಿ ಬ್ಲೈಂಡರ್‌ಗಳ ಕಾಲ ಧಾರಾವಾಹಿಯ ಕಾಲಕ್ಕಿಂತ ಒಂದು ತಲೆಮಾರು ಹಿಂದಿನದು, ಮತ್ತು ಅವರು ಒಂದು ಮನೆತನದ ಆಳ್ವಿಕೆಗೆ ಒಳಪಟ್ಟ ಪಡೆಯಾಗಿರಲಿಲ್ಲ. 1870ರ ದಶಕದಲ್ಲಿ ‘ಸ್ಲಾಗರ್’ ಎಂದು ಕರೆಸಿಕೊಂಡ ಬೀದಿ ಪುಂಡರ ಮುಂದುವರಿಕೆಯಾಗಿ, ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಗಳ ನಡುವಿನ ಇಕ್ಕಟ್ಟಾದ ಬಡ ಕೇರಿಗಳಿಂದ ಈ ಗುಂಪುಗಳು ಹುಟ್ಟಿದವು. 1890ರ ಮಾರ್ಚಿನಲ್ಲಿ ಆಡರ್ಲಿ ಬೀದಿಯ ಹೆಂಡದಂಗಡಿಯೊಂದಕ್ಕೆ ಬಂದ ಜಾರ್ಜ್ ಈಸ್ಟ್‌ವುಡ್ ಎಂಬ ಯುವಕ ಮದ್ಯದ ಬದಲು ಶುಂಠಿ ಪಾನೀಯ ಕೇಳಿದನೆಂದು ಅಲ್ಲಿದ್ದವರು ಅವನನ್ನು ಕೆಣಕಿ, ಹೊರಬಂದಾಗ ಬೆನ್ನಟ್ಟಿ, ಲೋಹದ ಬಕಲ್ ಇದ್ದ ಸೊಂಟಪಟ್ಟಿಗಳಿಂದ ತಲೆಬುರುಡೆ ಬಿರಿಯುವಂತೆ ಬಡಿದರು. ಈ ಪ್ರಕರಣದ ವರದಿಗಳಿಂದಲೇ ಗುಂಪಿನ ಹೆಸರು ಪತ್ರಿಕೆಗಳಲ್ಲಿ ಬೇರೂರಿತು. ಇತಿಹಾಸಕಾರ ಕಾರ್ಲ್ ಚಿನ್ ತೋರಿಸಿರುವಂತೆ, ಟೋಪಿಯಂಚಿನಲ್ಲಿ ಬ್ಲೇಡು ಹೊಲಿದುಕೊಳ್ಳುತ್ತಿದ್ದರೆಂಬುದು ಕಟ್ಟುಕತೆ. ಅಂದು ಆ ಬ್ಲೇಡುಗಳು ಬಡವರ ಕೈಗೆಟುಕುವ ವಸ್ತುವೇ ಆಗಿರಲಿಲ್ಲ.

ಧಾರಾವಾಹಿಯಲ್ಲಿ ಟಾಮಿಯ ಗುಂಡಿಗೆ ಬಲಿಯಾಗುವ ಬಿಲ್ಲಿ ಕಿಂಬರ್ ಚರಿತ್ರೆಯಲ್ಲಿ ಬರ್ಮಿಂಗ್‌ಹ್ಯಾಮಿನವನೇ. ಮೊದಲ ಮಹಾಯುದ್ಧದ ಆಸುಪಾಸಿನಲ್ಲಿ ಕುದುರೆ ಜೂಜಿನ ಮೈದಾನಗಳ ಬುಕ್ಕಿಗಳಿಂದ, ಅಂದರೆ ಬಾಜಿ ಕಟ್ಟಿಸಿಕೊಳ್ಳುವವರಿಂದ, ಹಫ್ತಾ ವಸೂಲಿ ಮಾಡಿ ಬೆಳೆದ ಅವನು ಬದುಕಿ ಉಳಿದು 1945ರಲ್ಲಿ ತೀರಿಕೊಂಡನು.

ಈ ಗುಂಪುಗಳ ಯುವಕರ ನಿಜವಾದ ಪಾಡನ್ನು ಮಾಫಿಯಾ ಕತೆಗಳಿಗಿಂತ ಹೆಚ್ಚಾಗಿ ಪೊಲೀಸ್ ದಾಖಲೆಗಳಲ್ಲಿಯೇ ಹುಡುಕಬೇಕು. ವೆಸ್ಟ್ ಮಿಡ್‌ಲ್ಯಾಂಡ್ಸ್ ಪೊಲೀಸ್ ವಸ್ತುಸಂಗ್ರಹಾಲಯದಲ್ಲಿರುವ ಭಾವಚಿತ್ರಗಳಲ್ಲಿ ಹ್ಯಾರಿ ಫೌಲ್ಸ್ ಮತ್ತು ಅರ್ನೆಸ್ಟ್ ಬೇಲ್ಸ್ ಎಂಬಿಬ್ಬರ ವಯಸ್ಸು ತಲಾ 19, ಅಪರಾಧ ಸೈಕಲ್ ಕಳವು. ಜಾನ್‌ನಂಥ ಪಾತ್ರಕ್ಕೆ ಮಹಾಯುದ್ಧವು ಹಿನ್ನೆಲೆ ಮಾತ್ರ, ಏಕೆಂದರೆ ಕತೆ ಆರಂಭವಾಗುವುದೇ 1919ರಲ್ಲಿ. ಫೌಲ್ಸ್‌ನ ಪೀಳಿಗೆಗಾದರೋ ಯುದ್ಧವೇ ಬದುಕಿನ ಅತಿ ದೊಡ್ಡ ಹೊಡೆತವಾಯಿತು. ಕಂದಕದಲ್ಲಿ ಸ್ಫೋಟಕ್ಕೆ ಸಿಕ್ಕಿ ಜೀವಂತ ಹೂತುಹೋಗಿದ್ದ ಫೌಲ್ಸ್‌ನನ್ನು ಮಣ್ಣಿನಿಂದ ಹೊರತೆಗೆಯಲಾಯಿತು, ಮತ್ತು ಅವನು ತೀವ್ರ ಗಾಯಗಳೊಂದಿಗೆ ಊರಿಗೆ ಮರಳಿದನು.